ಎರಡು ಊರುಗಳ ಕಾಲವನ್ನು ತೋರುವ ಕೈಗಡಿಯಾರ

ನಮ್ಮ ಪೆರಿಕ್ಕಲ್ಲೂರಿನ ಕಡವಿನಲ್ಲಿ ಕಬಿನಿಯನ್ನು ದಾಟಿ ಬೈರಕುಪ್ಪೆಗೆ ಹೋದರೆ ರಾಜ್ಯವೇ ಬೇರೆಯಾಗುವುದು. ಆದರೆ ಗಡಿಯಾರದ ಮುಳ್ಳನ್ನು ಕದಲಿಸಬೇಕಾಗಿಲ್ಲ. ದುಬೈಗೆ ಹೋದವರಾದರೋ ಅದನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು. ಹೀಗೆ ದೂರ ದೇಶಗಳಿಗೆ ಪ್ರಯಾಣ ಮಾಡುವವರಿಗಾಗಿ ಉಕ್ಕನ್ನೂ ಚಿನ್ನವನ್ನೂ ಸೇರಿಸಿ ಮಾಡಿದ ಬೆಲೆಬಾಳುವ ಕೈಗಡಿಯಾರಗಳುಂಟು. ಸಂಗ್ರಾಹಕರು ಇವಕ್ಕಾಗಿ ಲಕ್ಷಗಟ್ಟಲೆ ರೂಪಾಯಿಗಳನ್ನು ತೆರುವರು. ಆ ಹಣಕ್ಕೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿಯುವುದು ಒಳ್ಳೆಯದು.

ಊರಿಂದೂರಿಗೆ ಕಾಲವು ಏಕೆ ಬೇರೆಯಾಗುವುದೆಂಬುದನ್ನು ಮೊದಲು ನೋಡೋಣ. ಭೂಮಿಯು 24 ಗಂಟೆಗಳಲ್ಲಿ 360 ಅಂಶಗಳಷ್ಟು ತಿರುಗುವುದು; ಎಂದರೆ ಒಂದು ಅಂಶಕ್ಕೆ 4 ನಿಮಿಷ. ಭಾರತದ ಕಾಲವನ್ನು ಪೂರ್ವ ರೇಖಾಂಶ 82½ ಅಂಶಕ್ಕೆ ಗೊತ್ತುಪಡಿಸಿರುವುದರಿಂದ ಅದು ಗ್ರೀನಿಚ್ ಕಾಲಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಮುಳ್ಳನ್‌ಕೊಲ್ಲಿಯು ಆ ರೇಖೆಗೆ ಆರು ಅಂಶಗಳಿಗಿಂತ ತುಸು ಹೆಚ್ಚು ಪಶ್ಚಿಮದಲ್ಲಿದೆ. ಆದುದರಿಂದ ಇಲ್ಲಿ ನಿಜವಾದ ನಡುಹಗಲು ಗಡಿಯಾರದ 12 ಗಂಟೆಗಲ್ಲ, ಸರಾಸರಿಯಾಗಿ 12 ಗಂಟೆ 25 ನಿಮಿಷದ ಸುಮಾರಿಗೆ ಆಗುವುದು.

ಪ್ಯಾನ್ ಅಮೆರಿಕನ್ ಸಂಸ್ಥೆಯ ವಿಮಾನ ಚಾಲಕರ ಅನುಕೂಲಕ್ಕಾಗಿ ರೋಲೆಕ್ಸ್ ಕಂಪೆನಿಯು 1955ರಲ್ಲಿ ಎರಡು ಕಾಲಗಳನ್ನು ತೋರುವ ಕೈಗಡಿಯಾರವೊಂದನ್ನು ಹೊರತಂದಿತು. ಸಾಮಾನ್ಯ ಗಂಟೆಮುಳ್ಳು 12 ಗಂಟೆಗಳಲ್ಲಿ ಒಂದು ಸುತ್ತು ಬರುವುದು. ಇದರಲ್ಲಿ ಇನ್ನೊಂದು ಮುಳ್ಳುಂಟು. ಹಲ್ಲಿನ ಚಕ್ರಗಳ ಮೂಲಕ ಅದರ ವೇಗವನ್ನು ಅರ್ಧಕ್ಕೆ ಇಳಿಸಿರುವುದರಿಂದ ಅದು 24 ಗಂಟೆಗಳಲ್ಲಿ ಒಂದು ಸುತ್ತು ಮುಗಿಸುವುದು. ಮುಖದ ಸುತ್ತಲಿನ ಬಳೆಯ ಮೇಲೆ 24 ಗಂಟೆಗಳ ಗುರುತುಗಳಿರುವುದರಿಂದ ದೂರದ ಊರಿನಲ್ಲಿ ಹಗಲೋ ಇರುಳೋ ಎಂಬುದೂ ತಿಳಿಯುವುದು.

ಆದರೆ ಒಂದು ತೊಡಕುಂಟು. ನಿಮಿಷದ ಮುಳ್ಳು ಎರಡು ಕಾಲಗಳಿಗೂ ಒಂದೇ. ನಮ್ಮಲ್ಲಿ ಮಧ್ಯಾಹ್ನ 3 ಗಂಟೆ 30 ನಿಮಿಷವಾದಾಗ ಗ್ರೀನಿಚ್‌ನಲ್ಲಿ ಬೆಳಿಗ್ಗೆ ಸರಿಯಾಗಿ 10 ಗಂಟೆ. ಆ ಅರ್ಧ ಗಂಟೆಯ ವ್ಯತ್ಯಾಸವನ್ನು ಇಂತಹ ಗಡಿಯಾರವು ನೇರವಾಗಿ ತೋರಲಾರದು. ಧರಿಸಿದವನೇ ಮನಸ್ಸಿನಲ್ಲಿ ಲೆಕ್ಕ ಮಾಡಿಕೊಳ್ಳಬೇಕು.

ಇನ್ನು ಲೋಹಗಳ ವಿಚಾರ. ಉಕ್ಕಿನಲ್ಲಿ ಬೆರೆತ ಕ್ರೋಮಿಯಮ್ ಮೇಲ್ಮೈಯಲ್ಲಿ ತೆಳುಪೊರೆಯಾಗಿ ನಿಂತು ತುಕ್ಕನ್ನು ತಡೆಯುವುದು. ಅಪರಂಜಿಯು ಮೆದು, ಬೇಗ ಗೀರು ಬೀಳುವುದು. ಆದುದರಿಂದ 24 ಭಾಗಗಳಲ್ಲಿ 18 ಭಾಗ ಮಾತ್ರ ಚಿನ್ನವಿಟ್ಟು, ಉಳಿದುದಕ್ಕೆ ಬೆಳ್ಳಿ, ತಾಮ್ರ ಮೊದಲಾದುವನ್ನು ಬೆರೆಸುವರು. ಒಡವೆಯ 22 ಕ್ಯಾರಟ್ ಚಿನ್ನಕ್ಕಿಂತ ಇದು ಗಟ್ಟಿ. ಕವಚವು ಉಕ್ಕಿನದು, ಸುತ್ತಿನ ಬಳೆ, ತಿರುಗಿಸುವ ಗುಂಡಿ, ಪಟ್ಟಿಯ ನಡುವಣ ಕೊಂಡಿಗಳು ಚಿನ್ನದವು. ಬರಿಯ ಚಿನ್ನದ ನೀರು ಕೊಟ್ಟ ಗಡಿಯಾರವೂ ನೋಟಕ್ಕೆ ಹೀಗೆಯೇ ಇರುವುದರಿಂದ ಕೊಳ್ಳುವವರು ಮೋಸಹೋಗದಂತೆ ಎಚ್ಚರದಿಂದಿರಬೇಕು. ಚಿನ್ನವು ಗಡಿಯಾರಕ್ಕೆ ಅಂದವನ್ನೂ ಬೆಲೆಯನ್ನೂ ಕೊಡುವುದೇ ಹೊರತು ಕಾಲವನ್ನು ಹೆಚ್ಚು ಸರಿಯಾಗಿ ತೋರುವಂತೆ ಮಾಡದು.

ನಮ್ಮ ದೇಶದ ಉದಾಹರಣೆಯನ್ನು ಮರೆಯಲಾಗದು. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರಗಳ ತಯಾರಿಕೆಯನ್ನು ಕೈಗೊಂಡಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ನಡೆಯಿತು. ‘ಜನತಾ’ ಎಂಬ ಅದರ ಗಡಿಯಾರವು ಹೆಸರಿಗೆ ತಕ್ಕಂತೆ ಸಾಮಾನ್ಯರ ಕೈಗೇರಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರವು ಒಪ್ಪಿತು. ಇಂದು ಆ ಸರಳ ಗಡಿಯಾರಗಳನ್ನೂ ಸಂಗ್ರಾಹಕರು ಹುಡುಕುತ್ತಿರುವರು.

ಪರದೇಶದ ಕಾಲವನ್ನು ಅರಿಯಲು ಎರಡನೆಯ ಮುಳ್ಳು ಅವಶ್ಯವಲ್ಲ. ಕೂಡುವುದು, ಕಳೆಯುವುದು ಬಂದರೆ ಸಾಕು. ಇಲ್ಲಿ ರಾತ್ರಿ 9 ಗಂಟೆ 30 ನಿಮಿಷವಾದಾಗ ದುಬೈಯಲ್ಲಿರುವ ಮಗನಿಗೆ 8 ಗಂಟೆಯೆಂದು ಲೆಕ್ಕ ಹಾಕಿ ದೂರವಾಣಿಯಲ್ಲಿ ಕರೆಯುವ ತಾಯಿಯು ಈ ಪಾಠವನ್ನು ಕಲಿತೇ ಇರುವಳು. ಕುಶಲಕರ್ಮಿಗಳ ಕೈಚಳಕವನ್ನು ನಾವು ಗೌರವಿಸೋಣ. ಆದರೆ ಬೆಲೆಯನ್ನು ಕಂಡು ಬೆರಗಾಗುವ ಮೊದಲು ಅದರ ಒಳಗಿನ ಲೆಕ್ಕವನ್ನು ತಿಳಿಯೋಣ.