3 ಸ್ಟಾರ್ ಅಂದ್ರೆ ನೋಡಬಹುದಾ? ಡೊಂಬಿವಲಿ, ಥಾಣೆ ಕನ್ನಡಿಗರು ಸಿನಿಮಾ ವಿಮರ್ಶೆ ಓದುವಾಗ ಗಮನಿಸಬೇಕಾದ್ದೇನು?

ಹೊಸ ಕನ್ನಡ ಸಿನಿಮಾ ಶುಕ್ರವಾರ ತೆರೆಗೆ ಬಂದರೆ ಬೆಂಗಳೂರಿನವರಿಗೆ ಹತ್ತಾರು ಚಿತ್ರಮಂದಿರಗಳ ಆಯ್ಕೆ ಇರುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಕನ್ನಡಿಗರಿಗೆ ಆ ಅನುಕೂಲವಿಲ್ಲ. ದೊಡ್ಡ ಸ್ಟಾರ್‌ಗಳ ಚಿತ್ರ ಬಿಟ್ಟರೆ ಉಳಿದವಕ್ಕೆ ಈ ಭಾಗದಲ್ಲಿ ಸಿಗುವುದು ಬೆರಳೆಣಿಕೆಯ ಶೋಗಳು. ಸೀವುಡ್ಸ್‌ನಲ್ಲಿ ಶೋ ಇದೆ ಎಂದಾದರೆ ಡೊಂಬಿವಲಿಯ ಕುಟುಂಬ ಲೋಕಲ್ ಹಿಡಿದು ಥಾಣೆಗೆ ಬಂದು, ಅಲ್ಲಿಂದ ಟ್ರಾನ್ಸ್ ಹಾರ್ಬರ್ ರೈಲಿಗೆ ಬದಲಾಯಿಸಬೇಕು. ಟಿಕೆಟ್, ತಿಂಡಿ, ಓಡಾಟ ಎಲ್ಲ ಸೇರಿ ಭಾನುವಾರದ ಅರ್ಧ ದಿನವೂ ಜೇಬಿನ ಹಣವೂ ಹೋಗುತ್ತದೆ.

ಹಾಗಾಗಿ ಹೊರಡುವ ಮೊದಲು ಮೊಬೈಲ್‌ನಲ್ಲಿ ವಿಮರ್ಶೆ ನೋಡುವುದು ರೂಢಿ. ಒಬ್ಬರು 2 ಸ್ಟಾರ್ ಕೊಟ್ಟಿರುತ್ತಾರೆ, ಇನ್ನೊಬ್ಬರು 4. ಕೆಳಗಿನ ಕಾಮೆಂಟ್‌ಗಳಲ್ಲಿ 'ಬ್ಲಾಕ್‌ಬಸ್ಟರ್' ಎಂಬ ಘೋಷಣೆ. ಹಾಗಾದರೆ ಯಾರನ್ನು ನಂಬುವುದು? ಇದಕ್ಕೆ ಉತ್ತರ ಬೇಕಿದ್ದರೆ ವಿಮರ್ಶಕರು ಬೇರೆ ಬೇರೆ ಬಗೆಯ ಸಿನಿಮಾಗಳನ್ನು ಅಳೆಯುವುದು ಹೇಗೆ ಎಂದು ತಿಳಿಯಬೇಕು.

ಮಾಸ್ ಸಿನಿಮಾ: ಕಥೆಗೆ ಕಡಿಮೆ ಅಂಕ, ಗಲ್ಲಾಪೆಟ್ಟಿಗೆಗೆ ಹೆಚ್ಚು

ವಿಮರ್ಶಕರು ಮತ್ತು ಪ್ರೇಕ್ಷಕರ ನಡುವೆ ಅತಿ ಹೆಚ್ಚು ಅಂತರ ಕಾಣುವುದು ಇಲ್ಲೇ. 'ಕೆಜಿಎಫ್ ಚಾಪ್ಟರ್ 1' ಬಿಡುಗಡೆಯಾಗಿದ್ದು 2018ರ ಡಿಸೆಂಬರ್ 21ರಂದು. ಅದೇ ದಿನ ಶಾರುಖ್ ಖಾನ್ ಅವರ 'ಝೀರೋ' ಕೂಡ ತೆರೆಗೆ ಬಂದಿತ್ತು. ಕೆಜಿಎಫ್ ಹಿಂದಿ ಅವತರಣಿಕೆಗೆ ಸಿಕ್ಕಿದ್ದು ಮಿಶ್ರ ವಿಮರ್ಶೆ. ಆದರೂ ಅದು ಸುಮಾರು 44 ಕೋಟಿ ರೂಪಾಯಿ ಗಳಿಸಿತು. 2022ರ ಏಪ್ರಿಲ್ 14ರಂದು ಬಂದ ಎರಡನೇ ಭಾಗ ಹಿಂದಿಯಲ್ಲಿ ಮೊದಲ ದಿನವೇ ಸುಮಾರು 54 ಕೋಟಿ ಗಳಿಸಿ, ಒಟ್ಟು 430 ಕೋಟಿ ದಾಟಿತು.

ಹಾಗಾದರೆ ವಿಮರ್ಶಕರು ತಪ್ಪಿದರೇ? ಹಾಗೇನಿಲ್ಲ. ವಿಮರ್ಶಕರು ಕಥೆಯ ಬಿಗಿ, ಪಾತ್ರಗಳ ಆಳ, ಸ್ತ್ರೀ ಪಾತ್ರಗಳ ಚಿತ್ರಣ, ಹಿಂಸೆಯ ಪ್ರಮಾಣ ನೋಡುತ್ತಾರೆ. ಮಾಸ್ ಸಿನಿಮಾಕ್ಕೆ ಹೋಗುವವರಿಗೆ ಬೇಕಿರುವುದು ನಾಯಕನ ಎಂಟ್ರಿ, ಹಿನ್ನೆಲೆ ಸಂಗೀತ, ಸಂಭಾಷಣೆಗೆ ಬೀಳುವ ಶಿಳ್ಳೆ. ಕೇಳುವ ಪ್ರಶ್ನೆಗಳೇ ಬೇರೆಯಾದ ಮೇಲೆ ಉತ್ತರಗಳು ಹೊಂದುವುದು ಕಷ್ಟ. ಇಂಥ ಚಿತ್ರದ ವಿಮರ್ಶೆಯಲ್ಲಿ ಸ್ಟಾರ್ ಸಂಖ್ಯೆಗಿಂತ ಆ್ಯಕ್ಷನ್, ಧ್ವನಿ, ಎರಡನೇ ಅರ್ಧದ ವೇಗದ ಬಗ್ಗೆ ಬರೆದ ಸಾಲುಗಳೇ ಹೆಚ್ಚು ಉಪಯುಕ್ತ.

ಮಣ್ಣಿನ ಕಥೆ: ಯಾರು ಬರೆದರು ಎಂಬುದೂ ಮುಖ್ಯ

'ಕಾಂತಾರ' ಇದಕ್ಕೆ ಒಳ್ಳೆಯ ಉದಾಹರಣೆ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಂತು. ಮೆಚ್ಚುಗೆ ಹಬ್ಬಿದ ಮೇಲೆ ಅಕ್ಟೋಬರ್ 14ರಂದು ಹಿಂದಿಗೆ ಬಂತು. ಹಿಂದಿಯಲ್ಲಿ ಮೊದಲ ದಿನದ ಗಳಿಕೆ ಕೇವಲ 1.27 ಕೋಟಿ. ಕೊನೆಗೆ ಅದು ಮುಟ್ಟಿದ್ದು 80 ಕೋಟಿಯ ಆಸುಪಾಸು. ಮೊದಲ ದಿನದ ನೂಕುನುಗ್ಗಲಿನಿಂದ ಬಂದ ಗೆಲುವು ಇದಲ್ಲ, ನೋಡಿದವರು ಇನ್ನೊಬ್ಬರಿಗೆ ಹೇಳಿ ಆದ ಗೆಲುವು. ಮುಂದೆ ರಿಷಬ್ ಶೆಟ್ಟಿ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಯೂ ಬಂತು.

ಭೂತಕೋಲ ಎಂದರೇನು ಎಂದು ಹಿಂದಿ ವಿಮರ್ಶಕರು ತಮ್ಮ ಓದುಗರಿಗೆ ವಿವರಿಸಬೇಕಾಯಿತು. ಥಾಣೆ, ಡೊಂಬಿವಲಿ ಭಾಗದಲ್ಲಿ ನೆಲೆಸಿರುವ ದಕ್ಷಿಣ ಕನ್ನಡ, ಉಡುಪಿ ಮೂಲದ ಕುಟುಂಬಗಳಿಗೆ ಅದು ಊರಿಗೆ ಹೋದಾಗ ಕೈಮುಗಿಯುವ ದೈವ. ಅವರು ಕೇಳುವುದು ಬೇರೆ: ದೈವವನ್ನು ಸರಿಯಾಗಿ ತೋರಿಸಿದ್ದಾರೆಯೇ? ನಂಬಿಕೆಗೆ ಧಕ್ಕೆ ಬಂದಿಲ್ಲ ತಾನೇ? ಮುಂಬೈನ ಇಂಗ್ಲಿಷ್ ವಿಮರ್ಶೆಯಲ್ಲಿ ಇದಕ್ಕೆ ಉತ್ತರ ಸಿಗುವುದು ಅಪರೂಪ. ಕರಾವಳಿ ಬಲ್ಲವರು ಬರೆದ ವಿಮರ್ಶೆ ಹುಡುಕುವುದೇ ಸರಿ.

ಹಾಸ್ಯ: ಪಕ್ಕದ ಸೀಟಿನ ನಗುವೂ ಲೆಕ್ಕಕ್ಕೆ

ಅರ್ಧ ಖಾಲಿ ಇರುವ ಪತ್ರಿಕಾ ಪ್ರದರ್ಶನದಲ್ಲಿ ಕುಳಿತು ನೋಡುವ ಹಾಸ್ಯಕ್ಕೂ ತುಂಬಿದ ಹಾಲ್‌ನಲ್ಲಿ ನೋಡುವ ಹಾಸ್ಯಕ್ಕೂ ವ್ಯತ್ಯಾಸವಿದೆ. 2025ರ ಜುಲೈ 25ರಂದು ಬಂದ 'ಸು ಫ್ರಮ್ ಸೋ' ಚಿತ್ರದಲ್ಲಿ ದೊಡ್ಡ ಸ್ಟಾರ್ ನಾಯಕ ಇರಲಿಲ್ಲ. ಜೆ.ಪಿ. ತುಮಿನಾಡ್ ನಿರ್ದೇಶಿಸಿ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರಾಗಿದ್ದ ಈ ಚಿತ್ರ ಬಾಯಿಮಾತಿನಿಂದಲೇ ಬೆಳೆದು, ಮಲಯಾಳಂ ಮತ್ತು ತೆಲುಗಿಗೂ ಡಬ್ ಆಯಿತು. ಅದರ ನಗುವಿನ ಬಹುಪಾಲು ಇರುವುದು ಕರಾವಳಿ ಕನ್ನಡದ ಮಾತಿನ ಧಾಟಿಯಲ್ಲಿ. ಆ ಮಾತು ಮನೆಯಲ್ಲೇ ಕೇಳುವವರಿಗೆ 3 ಸ್ಟಾರ್ ಹಾಸ್ಯವೂ 4 ಸ್ಟಾರ್ ಆಗಬಹುದು. ಮಾತಿನ ಪರಿಚಯವಿಲ್ಲದವರಿಗೆ ಅದೇ 4 ಸ್ಟಾರ್ ಎರಡಕ್ಕೆ ಇಳಿಯಬಹುದು.

ಥ್ರಿಲ್ಲರ್: ಹೆಚ್ಚು ಓದಿದರೆ ನಷ್ಟ

ಥ್ರಿಲ್ಲರ್‌ಗಳ ವಿಷಯದಲ್ಲಿ ವಿಮರ್ಶಕರು ಮತ್ತು ಪ್ರೇಕ್ಷಕರು ಹೆಚ್ಚಾಗಿ ಒಂದೇ ಕಡೆ ಇರುತ್ತಾರೆ. ಕಥೆ ಕೊನೆವರೆಗೂ ಹಿಡಿದಿಡುತ್ತದೆಯೇ ಎಂಬುದೇ ಇಬ್ಬರ ಪ್ರಶ್ನೆ. ಅನೂಪ್ ಭಂಡಾರಿ ನಿರ್ದೇಶನದ ಮೊದಲ ಚಿತ್ರ 'ರಂಗಿತರಂಗ' 2015ರ ಜುಲೈ 3ರಂದು ಬಿಡುಗಡೆಯಾಯಿತು. ಒಂದೇ ವಾರದಲ್ಲಿ, ಜುಲೈ 10ಕ್ಕೆ 'ಬಾಹುಬಲಿ' ಬಂತು. ಹೊಸ ನಾಯಕನ ಚಿತ್ರ ಅಷ್ಟು ದೊಡ್ಡ ಅಲೆಯ ಎದುರೂ ನಿಂತು ಓಡಿತು. ಇಂಥ ಚಿತ್ರಗಳಿಗೆ ವಿಮರ್ಶೆಯ ಮೊದಲ ಮತ್ತು ಕೊನೆಯ ಪ್ಯಾರಾ ಓದಿದರೆ ಸಾಕು. ನಡುವೆ ಕಥೆಯ ಗುಟ್ಟು ಬಿಟ್ಟುಕೊಡುವ ಅಪಾಯವಿರುತ್ತದೆ.

ಪ್ರಶಸ್ತಿ ಸಿನಿಮಾ: ವಿಮರ್ಶಕರೇ ಆಸರೆ

ಮಂಡ್ಯ ಜಿಲ್ಲೆಯ ಹಳ್ಳಿಯವರನ್ನೇ ನಟರನ್ನಾಗಿಸಿ ರಾಮ್ ರೆಡ್ಡಿ ನಿರ್ದೇಶಿಸಿದ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಚಿತ್ರಮಂದಿರಕ್ಕೆ ಬಂದಿದ್ದು 2016ರಲ್ಲಿ. ಸ್ಟಾರ್ ಇಲ್ಲದ, ಪ್ರಚಾರಕ್ಕೆ ಹಣವಿಲ್ಲದ ಇಂಥ ಚಿತ್ರಗಳ ಸುದ್ದಿ ದೂರದ ಊರಿಗೆ ತಲುಪುವುದು ಮುಖ್ಯವಾಗಿ ವಿಮರ್ಶೆಯಿಂದ. ಮಾಸ್ ಚಿತ್ರಕ್ಕೆ ಕೆಟ್ಟ ವಿಮರ್ಶೆ ಬಂದರೂ ಅಭಿಮಾನಿಗಳು ಬರುತ್ತಾರೆ. ಇಂಥ ಚಿತ್ರಕ್ಕೆ ವಿಮರ್ಶೆಯೇ ಬರದಿದ್ದರೆ ಅದು ಬಂದಿದ್ದೂ ಹೋಗಿದ್ದೂ ಗೊತ್ತಾಗುವುದಿಲ್ಲ.

ಮೊದಲ ತೀರ್ಪೇ ಕೊನೆಯದೂ ಅಲ್ಲ. ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' 2014ರಲ್ಲಿ ಚಿತ್ರಮಂದಿರದಲ್ಲಿ ದೊಡ್ಡ ಗೆಲುವು ಕಾಣಲಿಲ್ಲ. ನಂತರದ ವರ್ಷಗಳಲ್ಲಿ ಮತ್ತೆ ಮತ್ತೆ ನೋಡುವವರ ಬಳಗವೇ ಬೆಳೆಯಿತು.

ಶೇಕಡಾವಾರು ಲೆಕ್ಕದ ಮೋಸ

ಆ್ಯಪ್‌ಗಳಲ್ಲಿ ಕಾಣುವ ಅಂಕಿಗಳೆಲ್ಲ ಒಂದೇ ರೀತಿಯವಲ್ಲ. 'ರಾಟನ್ ಟೊಮ್ಯಾಟೋಸ್' ತೋರಿಸುವ ಶೇಕಡಾವಾರು ಚಿತ್ರದ ಗುಣಮಟ್ಟದ ಅಂಕವಲ್ಲ, ಎಷ್ಟು ವಿಮರ್ಶಕರು ಚಿತ್ರದ ಪರವಾಗಿದ್ದಾರೆ ಎಂಬ ಲೆಕ್ಕ. 10 ಮಂದಿಯೂ 'ಪರವಾಗಿಲ್ಲ, ನೋಡಬಹುದು' ಎಂದರೆ ಅದು ಶೇ 100. ಏಳು ಮಂದಿ 'ಅದ್ಭುತ' ಎಂದು, ಮೂವರು 'ಬೇಡ' ಎಂದರೆ ಶೇ 70. ಅಂದರೆ ಸಾಧಾರಣ ಚಿತ್ರವೇ ಅದ್ಭುತ ಚಿತ್ರಕ್ಕಿಂತ ಮೇಲೆ ಕಾಣಬಹುದು.

'ಐಎಂಡಿಬಿ', 'ಬುಕ್‌ಮೈಶೋ'ಗಳಲ್ಲಿ 10ಕ್ಕೆ ಕಾಣುವ ಅಂಕ ಬಳಕೆದಾರರದ್ದು. ಮೊದಲ ದಿನ ಅಂಕ ಹಾಕುವವರಲ್ಲಿ ಅಭಿಮಾನಿಗಳೂ ವಿರೋಧಿಗಳೂ ಮುಂದಿರುತ್ತಾರೆ. ಆದ್ದರಿಂದ ಅಂಕದ ಜತೆ ಎಷ್ಟು ಮಂದಿ ಮತ ಹಾಕಿದ್ದಾರೆ ಎಂಬುದನ್ನೂ ನೋಡಬೇಕು.

ವಿಮರ್ಶೆಗೆ 48 ಗಂಟೆ ತಡೆ ಬೇಕೇ?

ಬೇಕೆಂದೇ ಕೆಟ್ಟ ವಿಮರ್ಶೆ ಹರಡುವ 'ರಿವ್ಯೂ ಬಾಂಬಿಂಗ್' ಕೇರಳ ಹೈಕೋರ್ಟ್ ಮೆಟ್ಟಿಲೇರಿತ್ತು. ಕೋರ್ಟ್ ನೇಮಿಸಿದ್ದ ಅಮಿಕಸ್ ಕ್ಯೂರಿ, ಬಿಡುಗಡೆಯ ಮೊದಲ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಮಾಡದಿರಲಿ ಎಂದು 2024ರ ಮಾರ್ಚ್‌ನಲ್ಲಿ ಸಲಹೆ ನೀಡಿದರು. ನಿರ್ಮಾಪಕರಿಗೆ ಇದು ಸರಿ ಎನಿಸಬಹುದು. ಆದರೆ ಹೊರನಾಡ ಕನ್ನಡಿಗರ ಲೆಕ್ಕವೇ ಬೇರೆ. ಇಲ್ಲಿ ಸಣ್ಣ ಚಿತ್ರಕ್ಕೆ ಇರುವ ಅವಕಾಶವೇ ಮೊದಲ ಶನಿವಾರ, ಭಾನುವಾರ. ಆ ಎರಡು ದಿನ ಸೀಟು ತುಂಬದಿದ್ದರೆ ಮಲ್ಟಿಪ್ಲೆಕ್ಸ್‌ಗಳು ಶೋ ಕಡಿತ ಮಾಡುತ್ತವೆ. ಒಳ್ಳೆಯ ಚಿತ್ರದ ಬಗ್ಗೆ ಒಳ್ಳೆಯ ಮಾತು ಸೋಮವಾರ ಬಂದರೆ ನೋಡಲು ಶೋ ಉಳಿದಿರಬೇಕಲ್ಲ!

ಟಿಕೆಟ್ ಬುಕ್ ಮಾಡುವ ಮೊದಲು

- ವಿಮರ್ಶೆ ಕನ್ನಡ ಮೂಲದ್ದೋ ಹಿಂದಿ ಡಬ್ಬಿಂಗ್‌ನದ್ದೋ ನೋಡಿ. ಡಬ್ಬಿಂಗ್ ಚೆನ್ನಾಗಿಲ್ಲ ಎಂಬ ದೂರು ಕನ್ನಡ ಶೋಗೆ ಅನ್ವಯಿಸುವುದಿಲ್ಲ. ಬುಕ್ ಮಾಡುವಾಗಲೂ ಭಾಷೆ ಖಚಿತಪಡಿಸಿಕೊಳ್ಳಿ.
- ಒಂದೇ ವಿಮರ್ಶೆ ನಂಬಬೇಡಿ. ಹಿಂದೆ ನಿಮಗೆ ಇಷ್ಟವಾದ ಮೂರ್ನಾಲ್ಕು ಚಿತ್ರಗಳನ್ನು ಮೆಚ್ಚಿದ್ದ ವಿಮರ್ಶಕರನ್ನು ಗುರುತಿಸಿಟ್ಟುಕೊಳ್ಳಿ.
- ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದುವ ಮಕ್ಕಳು ಜತೆಗಿದ್ದರೆ ಸಬ್‌ಟೈಟಲ್ ಇದೆಯೇ ವಿಚಾರಿಸಿ. ವಿಮರ್ಶೆಗಳಲ್ಲಿ ಈ ಮಾಹಿತಿ ಸಾಮಾನ್ಯವಾಗಿ ಇರುವುದಿಲ್ಲ.
- ಸೆನ್ಸಾರ್ ಪ್ರಮಾಣಪತ್ರ ಗಮನಿಸಿ. ಯುಎ ಈಗ 7+, 13+, 16+ ಎಂದು ಮೂರು ವಿಧ. ಮಕ್ಕಳ ವಿಷಯದಲ್ಲಿ ಸ್ಟಾರ್‌ಗಿಂತ ಇದು ಉಪಯುಕ್ತ.
- ನೋಡಿ ಬಂದ ಮೇಲೆ ನಿಮ್ಮ ಸಂಘದ, ಸೊಸೈಟಿಯ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಎರಡು ಸಾಲು ಬರೆಯಿರಿ. ಯಾವ ಮಾಲ್, ಎಷ್ಟು ಗಂಟೆಯ ಶೋ, ಮಕ್ಕಳ ಜತೆ ನೋಡಬಹುದೇ ಎಂದು ತಿಳಿಸಿ.

ಡೊಂಬಿವಲಿಯ ಇನ್ನೊಂದು ಕುಟುಂಬ ಭಾನುವಾರ ಲೋಕಲ್ ಹತ್ತಬೇಕೋ ಬೇಡವೋ ಎಂದು ನಿರ್ಧರಿಸಲು ಬೆಂಗಳೂರಿನ 3 ಸ್ಟಾರ್‌ಗಿಂತ ಆ ಎರಡು ಸಾಲುಗಳೇ ಹೆಚ್ಚು ನೆರವಾಗಬಹುದು.