ಮೀನುಮರಿಯ ಹಣೆಬರಹ ಬರೆಯುವ ಪ್ರವಾಹ

ಒಂದು ವರ್ಷ ಬಲೆ ತುಂಬಿ ಬರುವ ಮೀನು ಇನ್ನೊಂದು ವರ್ಷ ಕಾಣೆಯಾಗುವುದೇಕೆ? ಅವು ಬೇರೆಡೆಗೆ ವಲಸೆ ಹೋಗಿರುತ್ತವೆ ಎಂದೇ ಯುರೋಪಿನಲ್ಲಿ ಬಹುಕಾಲ ನಂಬಿದ್ದರು. ನಾರ್ವೆಯ ವಿಜ್ಞಾನಿ ಯೋಹಾನ್ ಹ್ಯೋರ್ಟ್ 1914ರಲ್ಲಿ ಈ ನಂಬಿಕೆಯನ್ನು ಬುಡಮೇಲು ಮಾಡಿದರು. ಹುರುಪೆಯ ಮೇಲಿನ ಬಳೆಗಳನ್ನು ಎಣಿಸಿ ಹೆರಿಂಗ್ ಮೀನಿನ ವಯಸ್ಸು ಲೆಕ್ಕಹಾಕಿದಾಗ, 1904ರಲ್ಲಿ ಹುಟ್ಟಿದ ಮೀನುಗಳೇ ವರ್ಷಗಟ್ಟಲೆ ಬಲೆಗೆ ಬೀಳುತ್ತಿದ್ದುದು ಕಂಡುಬಂತು. ಅಂದರೆ ಮೀನುಗಾರಿಕೆಯ ಸುಗ್ಗಿಯೋ ಬರವೋ ಬಹುಪಾಲು ನಿರ್ಧಾರವಾಗುವುದು ಮರಿಗಳ ಮೊದಲ ಕೆಲವು ವಾರಗಳಲ್ಲಿ ಎಂಬುದು ಅವರ ವಾದ.

ಆ ವಾರಗಳ ಕಷ್ಟವನ್ನು ನಾರ್ವೆಯ ಕಾಡ್ ಮೀನಿನಲ್ಲಿ ನೋಡಬಹುದು. ಲೊಫೊಟೆನ್ ದ್ವೀಪಗಳ ಬಳಿ ಒಂದೊಂದು ದೊಡ್ಡ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ತೇಲುವ ಮೊಟ್ಟೆಯೊಡೆದು ಬರುವ ಮರಿ ನಾಲ್ಕೈದು ಮಿಲಿಮೀಟರ್ ಉದ್ದದ ಪಾರದರ್ಶಕ ಎಳೆ. ಹೊಟ್ಟೆಗೆ ಅಂಟಿದ ಹಳದಿ ಚೀಲದ ಆಹಾರ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಸೂಕ್ಷ್ಮ ಜಲಜೀವಿಗಳಿರುವ ನೀರು ಸಿಗದಿದ್ದರೆ ಸಾವೇ ಗತಿ. ಕರಾವಳಿಯ ಪ್ರವಾಹ ಮರಿಗಳನ್ನು ಉತ್ತರಕ್ಕೆ, ಮೇವು ಹೇರಳವಾಗಿರುವ ಬ್ಯಾರೆಂಟ್ಸ್ ಸಮುದ್ರಕ್ಕೆ ಒಯ್ದರೆ ಅವು ಬದುಕಿ ಬೆಳೆಯುತ್ತವೆ. ಗಾಳಿ ಬದಲಾಗಿ ನಡುಗಡಲಿಗೆ ತಳ್ಳಿದರೆ ಹೆಚ್ಚಿನವು ಉಳಿಯುವುದಿಲ್ಲ.

ಮರಿಗಳೇನು ಕಸಕಡ್ಡಿಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯ ಒಂದು ಹವಳದಿಬ್ಬದಲ್ಲಿ ನೆಲೆನಿಂತ ಕ್ಲೌನ್ ಮೀನಿನ ಮರಿಗಳಲ್ಲಿ ಸುಮಾರು ಶೇ. 60 ಅದೇ ದಿಬ್ಬದಲ್ಲಿ ಹುಟ್ಟಿದವು ಎಂದು 2007ರ ಅಧ್ಯಯನವೊಂದು ತೋರಿಸಿತು. ಹಲವು ಜಾತಿಯ ಮರಿಗಳು ವಾಸನೆ, ಸದ್ದು ಹಿಡಿದು ಈಜುತ್ತವೆ. ಮೇಲೆ ಕೆಳಗೆ ಸರಿದು ಬೇರೆ ಬೇರೆ ಪದರದ ಹರಿವನ್ನು ಬಳಸಿಕೊಳ್ಳುತ್ತವೆ. ಆದರೆ ಈ ಸಾಮರ್ಥ್ಯ ಬಲಿಯುವುದು ಮರಿ ಸ್ವಲ್ಪ ಬೆಳೆದ ಮೇಲೆ. ಮೊದಲ ದಿನಗಳಲ್ಲಿ ಪ್ರವಾಹವೇ ಯಜಮಾನ. ಹಾಗಾದರೆ ಎಲ್ಲವೂ ಕಡಲಿನ ಕೈಯಲ್ಲಿದೆ, ಮೀನುಗಾರಿಕೆಗೆ ಮಿತಿ ಹಾಕಿ ಪ್ರಯೋಜನವೇನು ಎಂದು ಕೇಳಬಹುದು. ತೀರ್ಮಾನ ಇದಕ್ಕೆ ತದ್ವಿರುದ್ಧ. ಪ್ರವಾಹ ಯಾವ ವರ್ಷ ಒಲಿಯುತ್ತದೋ ತಿಳಿಯದ ಕಾರಣಕ್ಕೇ, ಒಲಿದ ವರ್ಷ ಮೊಟ್ಟೆ ಇಡಲು ಸಾಕಷ್ಟು ದೊಡ್ಡ ಮೀನುಗಳು ಕಡಲಲ್ಲಿ ಉಳಿದಿರಬೇಕು.

ನಮ್ಮ ಕರಾವಳಿಯ ಬೂತಾಯಿ ಮೀನಿಗೂ ಈ ಮಾತು ಸಲ್ಲುತ್ತದೆ. ಅದು ಹೆಚ್ಚಾಗಿ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಆಗ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಆಳದ ಪೋಷಕಾಂಶಭರಿತ ನೀರು ಮೇಲೇಳುತ್ತದೆ. ಚಳಿಗಾಲದಲ್ಲಿ ಹರಿವು ಉತ್ತರಕ್ಕೆ ತಿರುಗುತ್ತದೆ. ಈ ನೀರಿಗೆ ರಾಜ್ಯದ ಗಡಿಯಿಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗಿರುವ ನಿಷೇಧ ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಬದುಕುಳಿದ ಎಳೆಮೀನನ್ನು ಆಮೇಲೆ ಬಾಚಿ ಮೀನುಹಿಟ್ಟು ಮಾಡಿದರೆ ಕಾಪಾಡಿದ್ದೆಲ್ಲ ವ್ಯರ್ಥ. ಕರ್ನಾಟಕ, ಕೇರಳ, ಗೋವಾ ಮೂರೂ ಕೂಡಿ ಎಳೆಮೀನು ಹಿಡಿಯುವುದನ್ನು ವರ್ಷವಿಡೀ ತಡೆಯಬೇಕು.