ದಾಸೋಹಭಾವವೇ ನಾಯಕತ್ವದ ಬೇರು

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಕಾಯಕದ ಸ್ಥಳಗಳು ಹಲವು. ತೊಗರಿಯ ಹೊಲ, ಭೀಮಾ ತೀರದ ಕಬ್ಬಿನ ಹೊಲ, ಬೇಳೆ ಗಿರಣಿ, ಸಕ್ಕರೆ ಕಾರ್ಖಾನೆ, ಶಾಲೆ, ಸಹಕಾರ ಸಂಘ, ಮಠದ ಅಡುಗೆಮನೆ ಎಲ್ಲವೂ ಕಾಯಕದ ಸ್ಥಳಗಳೇ. ಇಲ್ಲೆಲ್ಲ ಕೆಲಸ ಹೇಳುವವರು ಕೆಲವರು, ಮಾಡುವವರು ಹಲವರು. ಹೇಳುವವರಲ್ಲಿ ಅನುಕಂಪವಿರಬೇಕೆಂಬುದನ್ನು ಎಲ್ಲರೂ ಒಪ್ಪುತ್ತೇವೆ. ಆ ಅನುಕಂಪದ ಸ್ವರೂಪವೇನೆಂಬುದನ್ನು ಶರಣರ ಬೆಳಕಿನಲ್ಲಿ ವಿಚಾರಿಸೋಣ.

ಅರಳಗುಂಡಗಿಯು ಮಹಾದಾಸೋಹಿ ಶರಣಬಸವೇಶ್ವರರು ಜನಿಸಿದ ನೆಲ. ಒಕ್ಕಲುತನದ ಮನೆಯಲ್ಲಿ ಬೆಳೆದ ಅವರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಕಾಳು ತಿಂದ ಹಕ್ಕಿಗಳಿಗೆ ಕುಡಿಯಲು ನೀರನ್ನೂ ಇರಿಸಿದರೆಂಬ ಐತಿಹ್ಯವನ್ನು ನಮ್ಮ ಭಾಗದ ಮಕ್ಕಳೂ ಬಲ್ಲರು. ಈ ಕಥೆಯಲ್ಲಿ ದಯೆಯ ಜೊತೆಗೆ ಇನ್ನೊಂದು ಗುಣವಿದೆ. ಹಕ್ಕಿ ಬಾಯಾರಿ ಬೇಡುವ ಮೊದಲೇ ನೀರು ಸಿದ್ಧವಾಗಿತ್ತು. ಬೇಡಿದ ಮೇಲೆ ಕೊಡುವುದು ಉಪಕಾರ. ಬೇಡುವ ಪ್ರಸಂಗವೇ ಬಾರದಂತೆ ವ್ಯವಸ್ಥೆ ಮಾಡುವುದು ದಾಸೋಹ. ಉಪಕಾರದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ನಿಲ್ಲುತ್ತಾರೆ. ದಾಸೋಹವೆಂಬ ಪದದಲ್ಲಿ ‘ನಾನು ದಾಸ’ ಎಂಬ ಅರ್ಥವೇ ಅಡಗಿದೆ. ಅಲ್ಲಿ ಬಾಗುವವನು ಕೊಡುವವನೇ.

ಇದನ್ನು ಇಂದಿನ ಬದುಕಿಗೆ ಅನ್ವಯಿಸಿ ನೋಡೋಣ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಇದನ್ನು ಅರಿತು ಸರ್ಕಾರವು ಬೇಸಿಗೆಯಲ್ಲಿ ಇಲ್ಲಿನ ತನ್ನ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತ ಬಂದಿದೆ. ಫ್ಯಾನಿನ ಕೆಳಗೆ ಕುಳಿತವರ ಬವಣೆಯನ್ನು ವ್ಯವಸ್ಥೆ ಅರಿಯಿತು, ಅದು ಸರಿಯೇ. ಆದರೆ ಇಟ್ಟಿಗೆ ಹೊರುವವರ, ರಸ್ತೆ ಕೆಲಸದವರ, ಗಿರಣಿಯಲ್ಲಿ ಚೀಲ ಎತ್ತುವ ಹಮಾಲರ ವೇಳೆಯನ್ನು ಬದಲಿಸುವವರು ಯಾರು? ಅದು ಅವರಿಗೆ ಕೆಲಸ ಕೊಡುವ ನಮ್ಮ ಕೈಯಲ್ಲಿದೆ. ನಸುಕಿನಲ್ಲಿ ಕೆಲಸ ಆರಂಭಿಸುವುದು, ನಡುಹಗಲಲ್ಲಿ ನೆರಳು ಮತ್ತು ನೀರು ಒದಗಿಸುವುದು, ಆ ವಿಶ್ರಾಂತಿಗಾಗಿ ಕೂಲಿ ಮುರಿಯದಿರುವುದು ದಾಸೋಹಭಾವದ ಮೊದಲ ಪಾಠ.

ಎರಡನೆಯದು ಸಮಾನತೆ. ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಬೇಕೆಂಬ ಕಾನೂನು 1976ರಲ್ಲಿಯೇ ಬಂದಿತು. ಆದರೂ ಹೆಣ್ಣಾಳಿಗೆ ಕಡಿಮೆ ಕೂಲಿ ಎಂಬ ರೂಢಿ ಹೊಲಗಳಲ್ಲಿ ಅಳಿದಿಲ್ಲ. ಕಬ್ಬು ಕಡಿಯಲು ಬರುವ ಕುಟುಂಬಗಳ ತಾಯಂದಿರು ಕೂಸುಗಳನ್ನು ಬದುವಿನ ಮೇಲೆ ಮಲಗಿಸಿ ದುಡಿಯುತ್ತಾರೆ. ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ತೆರೆದ ‘ಕೂಸಿನ ಮನೆ’ ಈ ದಿಸೆಯಲ್ಲಿ ಒಳ್ಳೆಯ ಮಾದರಿ. ಅಂತಹ ನೆರಳು ಕಬ್ಬಿನ ಹೊಲದವರೆಗೂ ಚಾಚಬೇಕು. ಕೆಲಸದ ಸ್ಥಳದಲ್ಲಿ ಒಬ್ಬರಿಗೆ ಬೇರೆ ಲೋಟ, ಇನ್ನೊಬ್ಬರಿಗೆ ಬೇರೆ ಪಂಕ್ತಿ ಇದ್ದರಂತೂ ಅಲ್ಲಿ ಬಸವಣ್ಣನವರ ಭಾವಚಿತ್ರ ತೂಗಿ ಫಲವಿಲ್ಲ.

ಮೂರನೆಯದು, ಕಿರಿಯರ ಮಾತಿಗೆ ಕಿವಿಗೊಡುವುದು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಶೂನ್ಯ ಸಿಂಹಾಸನದ ಅಧ್ಯಕ್ಷರು. ಅವರೆದುರು ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ನುಲಿಯ ಚಂದಯ್ಯರು ತಮ್ಮ ಕಾಯಕದ ಹೆಸರನ್ನೇ ಗೌರವದ ಹೆಸರಾಗಿ ಧರಿಸಿ ಕುಳಿತರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿ ಮಾರಯ್ಯನವರನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದಿದರು. ಶರಣ ಸಮಾಜ ಆ ತಿದ್ದುಪಡಿಯನ್ನು ಕೊಂಡಾಡಿತು. ನಮ್ಮ ಸಂಸ್ಥೆಗಳಲ್ಲಿ ಕಸ ಗುಡಿಸುವ ತಾಯಿಯೊಬ್ಬಳು ‘ಇದು ಸರಿಯಿಲ್ಲ’ ಎಂದರೆ ಮರುದಿನ ಆಕೆಯ ಕೆಲಸ ಉಳಿಯುತ್ತದೆಯೇ? ನಾಯಕತ್ವದ ನಿಜವಾದ ಪರೀಕ್ಷೆ ಇದು. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯಲು 2013ರ ಕಾನೂನು ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ದುಡಿಯುವವರು, ಮನೆಗೆಲಸದವರೂ ಸೇರಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ನೀಡಬಹುದು. ಈ ವಿಷಯವನ್ನು ಅವರಿಗೆ ತಿಳಿಸುವ ಹೊಣೆ ಮಾಲೀಕರದು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ನಾಲ್ಕು ಜನ ಆಳುಗಳಿರುವ ರೈತರಾಗಲಿ, ನೂರು ಜನ ನೌಕರರಿರುವ ಉದ್ಯಮಿಯಾಗಲಿ, ತಿಂಗಳಿಗೊಮ್ಮೆ ಎಲ್ಲರೊಡನೆ ಒಂದೇ ನೆಲದಲ್ಲಿ ಕುಳಿತು ಅವರ ಕಷ್ಟವನ್ನು ಕೇಳಿರಿ. ಕೊನೆಯ ಸಾಲಿನವರು ಮೊದಲು ಮಾತಾಡಲಿ. ಕೇಳಿದ್ದರಲ್ಲಿ ಒಂದನ್ನಾದರೂ ಮುಂದಿನ ತಿಂಗಳೊಳಗೆ ಸರಿಪಡಿಸಿರಿ. ಮಠದ ಪ್ರಸಾದನಿಲಯ, ಶಾಲೆಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ದುಡಿಯುವವರು ಭಯವಿಲ್ಲದೆ ತಲೆಯೆತ್ತಿ ನಿಂತಾಗ ಕಾಯಕವು ಕೈಲಾಸವಾಗುತ್ತದೆ.